ಸ್ಟೆಂಟ್‌ಗಿಂತ ಐವಸ್ ಕ್ಯಾತಿಟರ್ ದುಬಾರಿ, ಆದರೂ ಬಿಡಲಿಲ್ಲ

ಮೊನ್ನೆ ಅಡಿಕೆ ಬೆಳೆಗಾರರೊಬ್ಬರು ಚೆಕಪ್‌ಗೆ ಬಂದಿದ್ದರು. "ಡಾಕ್ಟ್ರೇ, ನಿಮ್ಮ ಸ್ಪ್ರಿಂಗು ಈ ಸಲ ಗಟ್ಟಿಯಾಗಿ ಕೂತಿದೆ ನೋಡಿ" ಎಂದರು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಅವರ ಎಲ್‌ಎಡಿ ನಾಳಕ್ಕೆ ಮೊದಲ ಸ್ಟೆಂಟ್ ಹಾಕಿದ್ದೂ ನಾನೇ, ಕೆಡಿಸಿದ್ದೂ ನಾನೇ.

ಮೊದಲ ಸಲದ ಆಂಜಿಯೋ ನೋಡಿದರೆ ನೀವು ಯಾರೂ ತಪ್ಪು ಹುಡುಕುತ್ತಿರಲಿಲ್ಲ. 3 ಮಿ.ಮೀ. ಸ್ಟೆಂಟ್, ಟಿಮಿ 3 ಹರಿವು, ಅಂದರೆ ರಕ್ತ ಸರಾಗ. ಎಂಟು ತಿಂಗಳಿಗೆ ಮತ್ತೆ ಎದೆನೋವು. ಐವಸ್ ಹಾಕಿದಾಗ, ಅಂದರೆ ನಾಳದ ಒಳಗಿನಿಂದಲೇ ಅಲ್ಟ್ರಾಸೌಂಡ್ ಚಿತ್ರ ತೋರಿಸುವ ಸಪೂರ ಕೊಳವೆ (ಕ್ಯಾತಿಟರ್) ತೂರಿಸಿದಾಗ, ಗುಟ್ಟು ಹೊರಬಿತ್ತು. ನಡುವೆ ಸುಣ್ಣದ (ಕ್ಯಾಲ್ಸಿಯಂ) ಬಳೆ, ಅಲ್ಲಿ ಸ್ಟೆಂಟ್ ಅರಳಿಯೇ ಇರಲಿಲ್ಲ. ಒಳಜಾಗ 3.5 ಚದರ ಮಿ.ಮೀ. ಇತ್ತೇನೋ. ಹೆಚ್ಚು ಒತ್ತಡಕ್ಕೂ ಹಿಗ್ಗದ ಗಟ್ಟಿ ಬಲೂನ್ (ಎನ್‌ಸಿ) ಎರಡು ಒಡೆದವು, ಮೂರನೆಯದಕ್ಕೆ ಬಳೆ ಬಿಟ್ಟಿತು. ಔಷಧಿ ಲೇಪಿಸಿದ ಬಲೂನ್‌ನಲ್ಲಿ ಮುಗಿಸಿದೆ. ಬಲೂನ್‌ಗಳ ದುಡ್ಡು ಅವರಿಂದ ಕೇಳಲು ಬಾಯಿ ಬರಲಿಲ್ಲ.

ಅವತ್ತಿನಿಂದ ಉದ್ದದ ಸ್ಟೆಂಟ್, ಲೆಫ್ಟ್ ಮೇನ್ (ಎಡಗಡೆಯ ಮುಖ್ಯ ನಾಳ), ಸುಣ್ಣ ಇರುವ ಕೇಸಿಗೆಲ್ಲ ಐವಸ್ ಬೇಕೇ ಬೇಕು ಎಂದೆ. "ಸರ್ಕಾರಿ ಸ್ಕೀಮ್ ಪೇಷಂಟ್‌ಗೂ ಐವಸ್ಸಾ? ಸುಮ್ನೆ ಟೈಮ್ ವೇಸ್ಟ್" ಎಂದರು ಜೊತೆಯವರು. ದುಡ್ಡಿನ ಮಾತು ಸುಳ್ಳಲ್ಲ. 2017ರ ಫೆಬ್ರವರಿಯಲ್ಲಿ ಸರ್ಕಾರ ಬೆಲೆ ಕಟ್ಟಿದ ಮೇಲೆ ಔಷಧಿ ಲೇಪಿಸಿದ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಆಗ ನಮಗೆ ಐವಸ್ ಕ್ಯಾತಿಟರ್ ಮಾತ್ರ ನಲವತ್ತು–ಐವತ್ತು ಸಾವಿರ ಬೀಳುತ್ತಿತ್ತು. ಮೊದಲ ವರ್ಷ ಆಡಳಿತದವರ ಜೊತೆ ಜಗಳವಾಡಿದ್ದೇ ಆಯಿತು.

ಈಗ ಅಳತೆ ಮೊದಲು, ಸ್ಟೆಂಟ್ ಆಮೇಲೆ. ಸುಣ್ಣ 270 ಡಿಗ್ರಿ ದಾಟಿ ಸುತ್ತಿದ್ದರೆ ರೋಟಾ (ಸುಣ್ಣ ಕೊರೆಯುವ ಸಣ್ಣ ಡ್ರಿಲ್) ಅಥವಾ ಐವಿಎಲ್ (ಆಘಾತ ತರಂಗದಿಂದ ಸುಣ್ಣ ಒಡೆಯುವ ಬಲೂನ್). ಅದು ಒಡೆಯುವವರೆಗೆ ಸ್ಟೆಂಟ್ ಪ್ಯಾಕೆಟ್ ಬಿಚ್ಚಬೇಡ ಎಂದು ಟೆಕ್ನಿಷಿಯನ್‌ಗೆ ಹೇಳಿಟ್ಟಿದ್ದೇನೆ. ಕೊನೆಗೆ ಎನ್‌ಸಿ ಬಲೂನ್ 18–20 ಅಟ್ಮಾಸ್ಫಿಯರ್ ಒತ್ತಡದಲ್ಲಿ, ಮತ್ತೆ ಐವಸ್. ಒಳಜಾಗ 5.5 ಚದರ ಮಿ.ಮೀ. ದಾಟದೆ ಟೇಬಲ್ ಬಿಡುವುದಿಲ್ಲ.

ಹೀಗೆ ಮಾಡಿದ್ದು ಹತ್ತಿರ ಹತ್ತಿರ 160 ಕೇಸು. ಅದೇ ಜಾಗ ಕಟ್ಟಿ ಮರಳಿ ಬಂದವರು ಐದೋ ಆರೋ. ಮುಂಚೆ ಇಂಥವರಲ್ಲಿ ನೂರಕ್ಕೆ ಹತ್ತು ಜನವಾದರೂ ಬರುತ್ತಿದ್ದರು. ಆ ಐದಾರರಲ್ಲೂ ಒಬ್ಬರದು ಸ್ಟೆಂಟ್ ತಪ್ಪಲ್ಲ. ಹಲ್ಲು ಕೀಳಿಸಲು ಹೋಗಿ ಮೂರನೇ ತಿಂಗಳಿಗೇ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಎರಡೂ ಮಾತ್ರೆ ನಿಲ್ಲಿಸಿದ್ದರು, ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿತು. ಅದಾದ ಮೇಲೆ ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ತಿಂಗಳಿಗೊಮ್ಮೆ ಸಿಸ್ಟರ್ ಫೋನ್ ಮಾಡುತ್ತಾರೆ. ಬಿಲ್ಲಿಲ್ಲದ ಈ ಕೆಲಸ ಐವಸ್‌ನಷ್ಟೇ ಫಲ ಕೊಟ್ಟಿದೆ ಅನಿಸುತ್ತದೆ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. 2017ರಲ್ಲೇ ಒರ್ಬಿಟಾ ಎಂಬ ಅಧ್ಯಯನ ಬಂತಲ್ಲ, ಮಾತ್ರೆ ಚೆನ್ನಾಗಿ ಕೊಟ್ಟ ಸ್ಥಿರ ಆಂಜೈನಾದವರಲ್ಲಿ (ಶ್ರಮಪಟ್ಟಾಗ ಎದೆನೋವು ಬರುವವರಲ್ಲಿ) ಸ್ಟೆಂಟ್‌ಗೂ, ಸ್ಟೆಂಟ್ ಹಾಕಿದಂತೆ ನಟಿಸಿದ ನಾಟಕದ ಪ್ರೊಸೀಜರ್‌ಗೂ ಟ್ರೆಡ್‌ಮಿಲ್ ಸಮಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮ್ಮವರಿಗೆಲ್ಲ ಸಿಟ್ಟು ಬಂದಿತ್ತು, ನನಗೂ. ಆಮೇಲೆ ಅರೆಬರೆ ಬ್ಲಾಕ್‌ಗಳಿಗೆ ಎಫ್‌ಎಫ್‌ಆರ್ (ಬ್ಲಾಕ್‌ನ ಹಿಂದೆ ಮುಂದೆ ರಕ್ತದೊತ್ತಡ ಹೋಲಿಸುವ ತಂತಿ) ಹಾಕಿ, ಅನುಪಾತ 0.80 ಮೇಲಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸತೊಡಗಿದೆ. ಆದಾಯ ಕಡಿಮೆಯಾಯಿತು. ಅವರೂ ಚೆನ್ನಾಗಿದ್ದಾರೆ.

ಎಲ್‌ಎಡಿ ಬಾಯಲ್ಲೇ ಸ್ಟೆಂಟ್ ಕೂರಿಸುವಾಗ ಪಕ್ಕದ ಸರ್ಕಂಫ್ಲೆಕ್ಸ್ ನಾಳಕ್ಕೆ ತಾಗದಂತೆ ಐವಸ್‌ನಲ್ಲಿ ಗುರುತು ಹಿಡಿಯಲು ನನ್ನದೇ ಒಂದು ಉಪಾಯವಿದೆ. ಟೈಮ್ ವೇಸ್ಟ್ ಎಂದಿದ್ದ ಸ್ನೇಹಿತರೇ ಹೋದ ವಾರ ಅದನ್ನು ಕೇಳಲು ಫೋನ್ ಮಾಡಿದ್ದರು. ಫೋನಲ್ಲಿ ಹೇಳಿದರೆ ತಿಳಿಯಲ್ಲ, ಲ್ಯಾಬಿಗೇ ಬನ್ನಿ ಎಂದೆ.