ಕರಿಜಾಲಿಯ ಕಾಯಿಯಿಂದ ಬಟ್ಟೆಗೆ ಬಣ್ಣ

ಹೊಲದ ಬದುವಿನ ಕರಿಜಾಲಿಯನ್ನು ಬರೀ ಮುಳ್ಳಿನ ಮರವೆಂದು ಕಡಿದು ಹಾಕುವವರಿಗೆ ಒಂದು ಬಿನ್ನಹ: ಒಂದೆರಡು ಮರ ಉಳಿಸಿಕೊಳ್ಳಿ. ಬೇಸಿಗೆಯಲ್ಲಿ ಅದರಡಿ ಉದುರುವ ಕಾಯಿಯಲ್ಲಿ ಕಂದು, ಬೂದು, ಕಪ್ಪು ಬಣ್ಣಗಳಿವೆ.

ಮೊದಲು ಗುರುತು. ಬಳ್ಳಾರಿ ಜಾಲಿ ಬೇರೆ, ಇದು ಬೇರೆ. ಕರಿಜಾಲಿಯ ಹೂವು ಹಳದಿ ಗುಂಡು. ಬೂದುಬಣ್ಣದ ಕಾಯಿ ಬೀಜಬೀಜದ ನಡುವೆ ಕಿರಿದಾಗಿ, ಮಣಿ ಪೋಣಿಸಿದ ಸರದಂತೆ ಕಾಣುತ್ತದೆ.

ಮರವಿಲ್ಲದವರು ಬೀಜ ಹಾಕಿ ಬೆಳೆಸಿಕೊಳ್ಳಬಹುದು. ಬೀಜದ ಸಿಪ್ಪೆ ಬಲು ಗಟ್ಟಿ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು, ಅದೇ ನೀರಿನಲ್ಲಿ 24 ಗಂಟೆ ನೆನೆಸಿ. ಕಾಯಿ ತಿಂದ ಮೇಕೆಗಳ ದೊಡ್ಡಿಯಲ್ಲಿ ಸಿಗುವ ಬೀಜ ಇನ್ನೂ ಒಳ್ಳೆಯದು, ಚೆನ್ನಾಗಿ ಮೊಳೆಯುತ್ತದೆ. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಸಸಿಯನ್ನು ಚೀಲದಲ್ಲಿ ಬಹಳ ದಿನ ಇಡಬೇಡಿ. ಮುಂಗಾರು ಹಿಡಿದೊಡನೆ ಬದುವಿನಲ್ಲಿ ನಾಲ್ಕೈದು ಮೀಟರಿಗೊಂದರಂತೆ ನೆಡಿ. ಎರೆಮಣ್ಣೂ ಆಗುತ್ತದೆ. ಮೊದಲೆರಡು ವರ್ಷ ದನಕರು ಬಾಯಿ ಹಾಕದಂತೆ ಕಾದರೆ ಸಾಕು. ಆದರೆ ಕಾಯಿಗೆ ಕೆಲವು ವರ್ಷ ಕಾಯಲೇಬೇಕು.

ತೊಗಟೆಯಲ್ಲೂ ಬಣ್ಣವಿದೆ ನಿಜ, ಚರ್ಮ ಹದಮಾಡಲು ಬಳಸುವುದು ಅದನ್ನೇ. ಹಾಗೆಂದು ನಿಂತ ಮರದ ಬೊಡ್ಡೆಯನ್ನು ಸುಲಿಯಬೇಡಿ. ಸುತ್ತಲೂ ಸುಲಿದರೆ ಮರವೇ ಒಣಗುತ್ತದೆ. ಸವರಿದ ಕೊಂಬೆಗಳ ತೊಗಟೆ ಸಾಕು. ಕಾಯಿಯಾದರೆ ಮರಕ್ಕೆ ಏನೂ ನಷ್ಟವಿಲ್ಲ.

ನೂರು ಗ್ರಾಂ ಹತ್ತಿ ಬಟ್ಟೆಗೆ ನೂರು ಗ್ರಾಂ ಒಣ ಕಾಯಿ ಎಂಬ ಲೆಕ್ಕ ಇಟ್ಟುಕೊಳ್ಳಿ. ಬೀಜ ತೆಗೆದು, ಸಿಪ್ಪೆಯನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ ಸೋಸಿ. ಕಬ್ಬಿಣದ ಪಾತ್ರೆ ಬೇಡ, ರಸ ಅಲ್ಲೇ ಕಪ್ಪಾಗಿಬಿಡುತ್ತದೆ. ಬಟ್ಟೆಯ ಗಂಜಿಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ತೆಗೆದು, ಚೆನ್ನಾಗಿ ಜಾಲಾಡಿ, ಹಸಿಯಾಗಿರುವಾಗಲೇ ಬಿಸಿ ರಸದಲ್ಲಿ ಮುಳುಗಿಸಿ. ಒಂದು ಗಂಟೆ ಆಗಾಗ ತಿರುವಿ, ಬೆಳಗಿನವರೆಗೆ ಬಿಡಿ. ಹಿಂಡಿದಾಗ ತಿಳಿ ಕಂದು ಬಣ್ಣ ಕಾಣುತ್ತದೆ.

ಅದೇ ಬಣ್ಣ ನಿಲ್ಲಬೇಕೆಂದರೆ ಹದಿನೈದು ಗ್ರಾಂ ಪಟಿಕ ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆಸಿ.

ಕಪ್ಪು ಬೇಕಾದವರು ಪಟಿಕ ಬಿಟ್ಟು, ಎರಡು ಗ್ರಾಂ ಅನ್ನಭೇದಿಯನ್ನು (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ಬೇರೆ ಬಕೆಟ್ಟಿನಲ್ಲಿ ಕರಗಿಸಿಕೊಳ್ಳಿ, ಕೈಗವಸು ಹಾಕಿಕೊಳ್ಳಿ. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಗಳಿಗೆ ಇದೇ. ಬಟ್ಟೆ ನೀರಿಗಿಳಿದದ್ದೇ ತಡ, ಅಂಚಿನಿಂದ ಬೂದುಬಣ್ಣ ಏರತೊಡಗುತ್ತದೆ; ಮಡಿಕೆ ಬಿಡಿಸಿದಂತೆಲ್ಲ ಒಳಗಿನ ಕಂದು ಕಣ್ಣೆದುರೇ ಕಪ್ಪಾಗುತ್ತದೆ. ಮಡಿಕೆಯಲ್ಲೇ ಬಿಟ್ಟರೆ ಕಲೆ ನಿಲ್ಲುವುದರಿಂದ ಕೈ ಆಡಿಸುತ್ತಲೇ ಇರಿ. ಹತ್ತು ನಿಮಿಷ ಸಾಕು. ಇನ್ನೂ ಗಾಢವಾಗಬೇಕೆಂದು ಅನ್ನಭೇದಿ ಹೆಚ್ಚಿಸಿದರೆ ನೂಲು ಜೀರ್ಣವಾಗುತ್ತದೆ. ಅದರ ಬದಲು ತೊಳೆದು, ಮತ್ತೆ ಕಾಯಿ ರಸಕ್ಕೆ ಹಾಕಿ ತೆಗೆಯಿರಿ.

ಕೊನೆಗೆ ತಣ್ಣೀರಿನಲ್ಲಿ ಬಣ್ಣ ಬಿಡದಾಗುವವರೆಗೆ ಜಾಲಾಡಿ, ನೆರಳಲ್ಲಿ ಒಣಹಾಕಿ. ಮೊದಲ ಕೆಲವು ಒಗೆತ ಬಿಳಿ ಬಟ್ಟೆಗಳಿಂದ ದೂರವೇ ಇರಲಿ.