ಹಳೆಯ ಸಿನಿಮಾ ಮನೆಯಲ್ಲೇ ನೋಡಬೇಕೆ? ಹುಡುಕುವುದು ಹೀಗೆ

ಹೋದ ಮಳೆಗಾಲದಲ್ಲಿ ಮೂಡಿಗೆರೆಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ‘ನಮ್ಮ ತೇಜಸ್ವಿಯವರ ಕಥೆ ಸಿನಿಮಾ ಆಗಿತ್ತಲ್ಲ, ತಬರನ ಕಥೆ, ಅದನ್ನ ಇನ್ನೊಂದ್ಸಲ ನೋಡ್ಬೇಕು ಕಣೋ. ಟೀವೀಲಿ ಹಾಕ್ಕೊಡು.’ ಹುಡುಕುವ ದಾರಿ ನಾನು ಕಲಿತದ್ದು ಆಗಲೇ.

ಮೊದಲು ಸಿನಿಮಾದ ಗುರುತು ಸರಿಯಾಗಿ ತಿಳಿದುಕೊಳ್ಳಿ. ಹೆಸರೊಂದೇ ಸಾಲದು, ನಿರ್ದೇಶಕ, ವರ್ಷ, ನಟರೂ ಬೇಕು: ಗಿರೀಶ ಕಾಸರವಳ್ಳಿ, 1986, ಚಾರುಹಾಸನ್. ಕನ್ನಡದಲ್ಲೊಮ್ಮೆ ಟೈಪ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯಾಗಿ ಬರೆದು ನೋಡಿ. ‘ಕಥೆ’ಗೆ ‘ಟಿ’ ಮುಂದೆ ‘ಎಚ್’ ಇಟ್ಟವರೂ ಉಂಟು, ಬಿಟ್ಟವರೂ ಉಂಟು.

ಆಮೇಲೆ ಜಸ್ಟ್‌ವಾಚ್ ಎಂಬ ಜಾಲತಾಣ. ಅದು ಸಿನಿಮಾ ತೋರಿಸುವುದಿಲ್ಲ. ಯಾವ ಒಟಿಟಿಯಲ್ಲಿದೆ, ಚಂದಾಗೆ ಸಿಗುತ್ತದೋ ಬಾಡಿಗೆಗೋ ಎಂದಷ್ಟೇ ಹೇಳುತ್ತದೆ. ದೇಶ ‘ಭಾರತ’ ಎಂದಿರಲಿ, ಏಕೆಂದರೆ ಪ್ರಸಾರದ ಹಕ್ಕು ಒಂದೊಂದು ದೇಶಕ್ಕೆ ಒಂದೊಂದು ಥರ. ಹಕ್ಕಿಗೆ ಅವಧಿಯೂ ಇರುತ್ತದೆ. ಇವತ್ತು ಇಲ್ಲದ್ದು ಮೂರು ತಿಂಗಳಿಗೆ ಬರಬಹುದು, ಮತ್ತೆ ನೋಡಿ. ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) ಹಣ ಹಾಕಿದ ಚಿತ್ರವಾದರೆ ಅವರದೇ ‘ಸಿನಿಮಾಸ್ ಆಫ್ ಇಂಡಿಯಾ’ ಹೆಸರಿನಲ್ಲೂ ಹುಡುಕಿ.

ಯೂಟ್ಯೂಬ್‌ನಲ್ಲಿ ಸಿಕ್ಕರೆ ಆತುರ ಬೇಡ. ಹಾಕಿದವರು ಹಕ್ಕುದಾರರೇ ಎಂದು ಚಾನೆಲ್‌ನ ವಿವರ ಓದಿ. ನಂತರ ಪೂರ್ತಿ ಸಿನಿಮಾ ಇದೆಯೇ ನೋಡಬೇಕು. ಶುರುವಿನಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಬಂದಾಗ ನಿಲ್ಲಿಸಿ. ಅದರಲ್ಲಿ ಚಿತ್ರದ ಉದ್ದ ಮೀಟರ್‌ನಲ್ಲಿರುತ್ತದೆ. 35 ಎಂಎಂ ಫಿಲಂ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 2,740 ಮೀಟರ್ ಎಂದಿದ್ದರೆ 100 ನಿಮಿಷ. ವಿಡಿಯೊ 96 ನಿಮಿಷ ಇದ್ದರೆ ಗಾಬರಿ ಬೇಡ: ಫಿಲಂ ಸೆಕೆಂಡಿಗೆ 24 ಫ್ರೇಮ್, ನಮ್ಮ ಹಳೆಯ ಟೀವಿ 25, ಹಾಗಾಗಿ ಟೀವಿ ಪ್ರತಿ ಅಷ್ಟು ಬೇಗ ಮುಗಿಯುತ್ತದೆ. 85 ಇದ್ದರೆ ಮಾತ್ರ ಯಾರೋ ಕತ್ತರಿ ಆಡಿಸಿದ್ದಾರೆ. ಪಿಂಚಣಿಗಾಗಿ ತಬರ ಅಲೆಯುವ ಅಲೆದಾಟವನ್ನೇ ಕತ್ತರಿಸಿದ್ದರೆ ಉಳಿದದ್ದನ್ನು ನೋಡಿ ಏನು ಬಂತು?

ಎಲ್ಲೂ ಸಿಗದಿದ್ದರೆ ಹಳೆಯ ಡಿವಿಡಿ ಯಾರ ಹತ್ತಿರವಾದರೂ ಇದೆಯೇ ಕೇಳಿ. ಊರಿನ ಕನ್ನಡ ಮೇಷ್ಟ್ರುಗಳ ಬೀರುವಿನಲ್ಲಿ ಇಂಥವು ಇರುತ್ತವೆ.

ಒಟಿಟಿಯಲ್ಲಿ ಸಿಕ್ಕಿತೋ, ಮಲೆನಾಡಿನವರು ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆಷಾಢದ ಮಳೆಗೆ ಕರೆಂಟು ಹೋಯಿತೆಂದರೆ ಹಿಂದೆಯೇ ಟವರೂ ಹೋಗುತ್ತದೆ.