ಬಾಡಿಗೆದಾರರನ್ನು ತೆರವುಗೊಳಿಸಲು ಕರ್ನಾಟಕದ ಮಾಲೀಕರು ಅನುಸರಿಸಬೇಕಾದ ಕ್ರಮ

ಬಾಡಿಗೆಗೆ ಕೊಟ್ಟ ಮನೆಯನ್ನೋ ಮಳಿಗೆಯನ್ನೋ ಮರಳಿ ಪಡೆಯಬಯಸುವ ಮಾಲೀಕರು, ತಮ್ಮ ಕಟ್ಟಡಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 1999ರ ಕರ್ನಾಟಕ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದ್ದರೂ, ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಕಟ್ಟಡಗಳಿಗೂ, 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೂ ಅದು ಅನ್ವಯಿಸುವುದಿಲ್ಲ. ಹೀಗಾಗಿ ಬೆಂಗಳೂರಿನಂಥ ಊರುಗಳಲ್ಲಿ ಇಂದು ಬಾಡಿಗೆಗಿರುವ ಮನೆಗಳಲ್ಲಿ ಬಹುಪಾಲು ಈ ಅಧಿನಿಯಮದ ಹೊರಗಿವೆ. ಅವುಗಳ ವ್ಯಾಜ್ಯಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನಡೆಯುತ್ತವೆ.

ಹಳೆಯ, ಕಡಿಮೆ ಬಾಡಿಗೆಯ ಕಟ್ಟಡ 1999ರ ಅಧಿನಿಯಮದೊಳಗೆ ಬಂದರೆ, 27ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ಮಾಲೀಕರು ಸಾಬೀತುಪಡಿಸಬೇಕಾಗುತ್ತದೆ. ಬಾಕಿ ಕೇಳಿ ನೋಟಿಸ್ ಕೊಟ್ಟ ಎರಡು ತಿಂಗಳೊಳಗೆ ಪಾವತಿಸದಿರುವುದು, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ಬೇರೆ ಉದ್ದೇಶಕ್ಕೆ ಬಳಸುವುದು, ಕಟ್ಟಡಕ್ಕೆ ಗಣನೀಯ ಹಾನಿ ಮಾಡುವುದು, ಮಾಲೀಕರ ಸ್ವಂತ ವಾಸಕ್ಕೆ ಅಗತ್ಯವಿರುವುದು ಇವುಗಳಲ್ಲಿ ಮುಖ್ಯವಾದವು.

ಆಸ್ತಿ ವರ್ಗಾವಣೆ ಕಾಯ್ದೆಯ ದಾರಿ ಇದಕ್ಕಿಂತ ಬೇರೆ. ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಸಾಕು, ಕಾರಣ ಹೇಳಬೇಕಾಗಿಲ್ಲ. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಆ ಅವಧಿಯನ್ನೇ ಪಾಲಿಸಬೇಕು. ಬಾಡಿಗೆದಾರರಿಗೆ ನೋಟಿಸ್ ತಲುಪಿದ ದಿನದಿಂದ ಲೆಕ್ಕ ಶುರುವಾಗುವುದರಿಂದ, ಅದನ್ನು ಸ್ವೀಕೃತಿಯ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ರಸೀದಿಯನ್ನೂ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಸ್ವತ್ತಿನ ವಿವರ, ಬಾಡಿಗೆಯ ಮೊತ್ತ, ಬಾಕಿ, ತೆರವು ಮಾಡಬೇಕಾದ ದಿನ, ಕೀಲಿ ಒಪ್ಪಿಸಿದಾಗ ಮುಂಗಡ ಹಣ ಹಿಂದಿರುಗಿಸುವ ಭರವಸೆ ಇವೆಲ್ಲ ಅದರಲ್ಲಿರಲಿ. ಬಾಡಿಗೆ ಬಾಕಿಯನ್ನೇ ಮುಂದಿಟ್ಟುಕೊಂಡು ಕರಾರು ರದ್ದಾಯಿತೆಂದು ದಾವೆ ಹೂಡುವ ಆತುರ ಅನೇಕರಲ್ಲಿದೆ. ಆದರೆ ಬಾಡಿಗೆದಾರರು ಬಾಕಿ, ಬಡ್ಡಿ, ಖರ್ಚನ್ನು ವಿಚಾರಣೆಯ ವೇಳೆ ಕಟ್ಟಿದರೆ 114ನೇ ಕಲಮಿನಡಿ ನ್ಯಾಯಾಲಯ ಅವರಿಗೆ ರಿಯಾಯಿತಿ ತೋರಬಹುದಾದ್ದರಿಂದ, ನನ್ನ ಅಭಿಪ್ರಾಯದಲ್ಲಿ 106ನೇ ಕಲಮಿನ ಸರಳ ನೋಟಿಸೇ ಹೆಚ್ಚು ಭದ್ರವಾದದ್ದು.

ನಿಗದಿತ ಅವಧಿಯ ಕರಾರು ಮುಗಿದಾಗ ಬಾಡಿಗೆ ತಾನಾಗಿಯೇ ಕೊನೆಗೊಳ್ಳುತ್ತದೆ, ನೋಟಿಸ್ ಬೇಡ. ಆದರೆ ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಮಾಲೀಕರು ಎಂದಿನಂತೆ ಬಾಡಿಗೆ ಪಡೆಯುತ್ತ ಹೋದರೆ 116ನೇ ಕಲಮಿನಂತೆ ಮಾಸಿಕ ಬಾಡಿಗೆ ಮುಂದುವರಿದಂತಾಗಿ, ನೋಟಿಸ್ ಮತ್ತೆ ಅಗತ್ಯವಾಗುತ್ತದೆ. ನೋಟಿಸ್ ಕೊಟ್ಟ ನಂತರ ಬ್ಯಾಂಕ್ ಖಾತೆಗೆ ಬಂದು ಬೀಳುವ ಹಣದ ವಿಷಯದಲ್ಲಿಯೂ ಎಚ್ಚರ ಬೇಕು: ಅದನ್ನು ಬಾಡಿಗೆಯಾಗಿ ಅಲ್ಲ, ಸ್ವತ್ತಿನ ಬಳಕೆಗೆ ಪರಿಹಾರವಾಗಿ ಮಾತ್ರ, ತಮ್ಮ ಹಕ್ಕಿಗೆ ಬಾಧೆಯಿಲ್ಲದಂತೆ ಪಡೆಯುತ್ತಿರುವುದಾಗಿ ಕೂಡಲೇ ಬರೆದು ತಿಳಿಸದಿದ್ದರೆ, ನೋಟಿಸನ್ನು ಮಾಲೀಕರೇ ಕೈಬಿಟ್ಟರೆಂದು ಎದುರಿನ ವಕೀಲರು ವಾದಿಸುತ್ತಾರೆ.

ಈ ಹಂತದಲ್ಲಿ ನೀರು, ವಿದ್ಯುತ್ ಕಡಿತಗೊಳಿಸುವುದು, ಬೀಗ ಬದಲಿಸುವುದು, ಸಾಮಾನು ಹೊರಗೆ ಹಾಕಿಸುವುದು ಬೇಡ. ಕಾನೂನಿನ ಕ್ರಮವಿಲ್ಲದೆ ಹೊರದೂಡಲ್ಪಟ್ಟ ಬಾಡಿಗೆದಾರರು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನವನ್ನು ಮರಳಿ ಪಡೆಯಬಹುದು, ಮತ್ತು ಅಲ್ಲಿ ಮಾಲೀಕತ್ವದ ಪತ್ರಗಳು ಪ್ರಯೋಜನಕ್ಕೆ ಬರುವುದಿಲ್ಲ.

ಗಡುವು ಮುಗಿದ ಮೇಲೆ ದಾವೆ. ಬೆಂಗಳೂರಿನಲ್ಲಿ ಇಂಥ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ನ್ಯಾಯಾಲಯ ಶುಲ್ಕ ನಿಗದಿಯಾಗುವುದು ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ. ಕರಾರು ಪತ್ರಕ್ಕೆ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿರದಿದ್ದರೆ ದಂಡ ಸಮೇತ ಪಾವತಿಸುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲವಾದ್ದರಿಂದ, ಇದನ್ನು ಮುಂಚೆಯೇ ವಕೀಲರಿಗೆ ತೋರಿಸುವುದು ಒಳ್ಳೆಯದು. ಬಾಡಿಗೆಯ ಸಂಬಂಧವನ್ನೂ ನೋಟಿಸ್ ತಲುಪಿದ್ದನ್ನೂ ಪ್ರತಿವಾದಿ ತಮ್ಮ ಉತ್ತರದಲ್ಲಿ ಒಪ್ಪಿಕೊಂಡಿದ್ದರೆ, ದೀರ್ಘ ವಿಚಾರಣೆಯಿಲ್ಲದೆ ಆ ಒಪ್ಪಿಗೆಯ ಮೇಲೆಯೇ ತೀರ್ಪು ಕೊಡುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮದಡಿ ಅರ್ಜಿ ಹಾಕಬಹುದು. ಇದನ್ನು ಬಳಸಿಕೊಳ್ಳದೆ ವರ್ಷಗಟ್ಟಲೆ ಕಾಯುವವರೂ ಇದ್ದಾರೆ.

ತೆರವು ಮಾಡುವಂತೆ ಡಿಕ್ರಿ (ತೀರ್ಪಿನಂತೆ ಹೊರಡುವ ಆದೇಶ) ಆದರೂ ಬಾಡಿಗೆದಾರರು ಖಾಲಿ ಮಾಡದಿದ್ದರೆ ಅದೇ ಸಂಹಿತೆಯ 21ನೇ ಆದೇಶದಡಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸುವಂತೆ ಕೋರುವ ಅರ್ಜಿ, ಸಲ್ಲಿಸಬೇಕು. ಆಗ ನ್ಯಾಯಾಲಯದ ಆದೇಶ ಜಾರಿ ಮಾಡುವ ಸಿಬ್ಬಂದಿಯಾದ ಅಮೀನರು ಸ್ಥಳಕ್ಕೆ ಬಂದು, ಅಗತ್ಯವಾದರೆ ನ್ಯಾಯಾಲಯದ ಆದೇಶದಂತೆ ಬೀಗ ಒಡೆದು, ಸ್ವಾಧೀನವನ್ನು ಮಾಲೀಕರಿಗೆ ಒಪ್ಪಿಸುತ್ತಾರೆ.